ಕಿಟಕಿಗೆ ಹಿಡಿದ ಕಬ್ಬಿಣ

ನನ್ನ ಮೇಜಿನ ಮೇಲೆ ಹಾಳೆಗಳು ಹಾರದಂತೆ ಅದುಮಿಕೊಂಡು ಕೂತಿರುವ ಕಬ್ಬಿಣದ ತುಂಡನ್ನು ಕಂಡವರೆಲ್ಲ ಇದೇನು ಸ್ವಾಮಿ ಎಂದು ಕೇಳುತ್ತಾರೆ. ಇದನ್ನು ನನ್ನ ತಂಗಿ ಕೆಡಿಸಿದಳು, ಇದು ನನ್ನನ್ನು ರಿಪೇರಿ ಮಾಡಿತು ಎಂದರೆ ನಗುತ್ತಾರೆ. ನೀವೂ ನಕ್ಕುಬಿಡಿ, ಆಮೇಲೆ ಕೇಳಿ.

ನಾನು ಮೈಸೂರಿನಲ್ಲಿ ಎಂ.ಎ. ಮುಗಿಸಿ ಹೊಂಗನೂರಿಗೆ ಮರಳಿ, ಅಪ್ಪ ರೇಷ್ಮೆಹುಳುವಿಗೆ ಸೊಪ್ಪು ಹಾಕುವಾಗ ಪಕ್ಕದಲ್ಲಿ ನಿಂತು ಬದುಕಿನ ಅರ್ಥ ವಿವರಿಸುತ್ತಿದ್ದ ಕಾಲ. ತಂಗಿ ಸರೋಜ ದಿನಾ ಬಸ್ಸು ಹತ್ತಿ ಪಾಲಿಟೆಕ್ನಿಕ್ಕಿಗೆ, ಅದೂ ಮೆಕ್ಯಾನಿಕಲ್ ವಿಭಾಗಕ್ಕೆ, ಇಡೀ ತರಗತಿಗೆ ಒಬ್ಬಳೇ ಹುಡುಗಿಯಾಗಿ ಹೋಗುತ್ತಿದ್ದಳು. ಅಪ್ಪನಿಗೆ ಅರೆಮನಸ್ಸು. ಮೊದಲ ವರ್ಷ ಫೇಲಾದರೆ ಬಿಡಿಸಿ, ಅಣ್ಣನಂತೆ ಬಿ.ಎ.ಗೆ ಸೇರಿಸುತ್ತೇನೆಂದು ಹೆದರಿಸಿದ್ದ. ನನ್ನ ಪದವಿ ಮನೆಯಲ್ಲಿ ಗುಮ್ಮನ ಕೆಲಸ ಮಾಡುತ್ತಿದ್ದ ಅವಮಾನವನ್ನು ನಾನು ನುಂಗಿಕೊಂಡಿದ್ದೆ.

ಅವಳ ವರ್ಕ್‌ಶಾಪ್ ಪರೀಕ್ಷೆ ಕೇಳಲು ಸರಳ. ಎರಡು ಕಬ್ಬಿಣದ ತುಂಡುಗಳನ್ನು ಅರದಿಂದ ಉಜ್ಜಿ, ಒಂದರ ಮೂತಿ ಇನ್ನೊಂದರ ಕಚ್ಚಿನಲ್ಲಿ ಕೂರುವಂತೆ ಮಾಡಬೇಕು. ಮೇಷ್ಟ್ರು ಆ ಜೋಡಿಯನ್ನು ಕಿಟಕಿಗೆ ಹಿಡಿದಾಗ ನಡುವೆ ಬೆಳಕು ತೂರಬಾರದು. ಒಪ್ಪಿಸುವ ಹಿಂದಿನ ದಿನ ಅವಳು ಮುಖ ಸಣ್ಣದು ಮಾಡಿಕೊಂಡು ಬಂದಳು.

"ಒಸಿ ಜಾಸ್ತಿ ಉಜ್ಬುಟ್ಟೆ ಕಣಣ್ಣ. ಉಜ್ಜಿದ್ದು ವಾಪಸ್ ಬತ್ತದಾ?"

ನಾನು ಕಲಿತ ವಿಶ್ವವಿದ್ಯಾಲಯದಲ್ಲಿ ವಾಪಸ್ಸು ಬಾರದ್ದೇ ಇರಲಿಲ್ಲ. ಹಾಜರಿ ಕಡಿಮೆಯಾಯಿತೆ, ಒಂದು ಅರ್ಜಿ. ಪ್ರಬಂಧ ತಡವಾಯಿತೆ, ಇನ್ನೊಂದು ಅರ್ಜಿ. ಉತ್ತರ ತಪ್ಪಿತೆ, ಮತ್ತೆರಡು ಪುಟ ಬರೆದರೆ ತಪ್ಪೇ ಒಂದು ದೃಷ್ಟಿಕೋನವಾಗಿ ಎದ್ದು ನಿಲ್ಲುತ್ತಿತ್ತು. ಸರಿ, ಘನವಾದ ಇಂಗ್ಲಿಷಿನಲ್ಲಿ ಎರಡು ಪುಟದ ಅರ್ಜಿ ಬರೆದು, ಬೆಳಿಗ್ಗೆ ತಂಗಿಯೊಂದಿಗೆ ನಾನೇ ಹೋಗಿ ಮೇಷ್ಟ್ರ ಕೈಗಿತ್ತೆ. ಅವರು ಒಂದಕ್ಷರ ಬಿಡದೆ ಓದಿದರು. ಮಡಚಿ ಜೇಬಿಗಿಟ್ಟು, ಜೋಡಿಯನ್ನು ಕಿಟಕಿಗೆ ಹಿಡಿದರು. ಬಿದಿಗೆ ಚಂದ್ರನಂಥ ಬೆಳಕಿನ ಗೆರೆ ನನಗೂ ಕಂಡಿತು.

"ಅರ್ಜಿ ಸೊಗಸಾಗೈತೆ ಕಣಪ್ಪ," ಎಂದರು. "ಆದ್ರೆ ಈ ಸಂದಿಗೆ ಓದಕ್ಕೆ ಬರಕಿಲ್ಲ."

ಸಂಜೆಯವರೆಗೆ ಸಮಯ ಕೊಟ್ಟು, ಅವಳಿಗೆ ಹೊಸ ತುಂಡು ಕೊಟ್ಟರು. ನನಗೂ ಒಂದು ಅರ ಕೊಟ್ಟು, ಬೇರೊಂದು ತುಂಡಿನ ಮುಂದೆ ನಿಲ್ಲಿಸಿದರು. ಕಾಲು ಗಂಟೆಯಲ್ಲಿ ನನ್ನ ಅಂಗೈ ಬೊಬ್ಬೆಯೆದ್ದಿತು, ಕಬ್ಬಿಣ ಹಾಗೇ ಇತ್ತು. ಸರೋಜ ಮಾತ್ರ ನಾಲ್ಕು ಸಲ ಉಜ್ಜಿ ಒಮ್ಮೆ ಕಿಟಕಿಗೆ ಹಿಡಿಯುತ್ತ, ಊಟ ಮರೆತು ನಿಂತಳು. ಇಳಿಹೊತ್ತಿಗೆ ಮೇಷ್ಟ್ರು ಎತ್ತಿ ಹಿಡಿದಾಗ ಎರಡರ ನಡುವೆ ಬರೀ ಕತ್ತಲು. ಕತ್ತಲು ಕಂಡು ಅಷ್ಟು ಸಂತೋಷಪಟ್ಟದ್ದು ನನ್ನ ಜನ್ಮದಲ್ಲೇ ಇಲ್ಲ, ನಾಚಿಕೆಯಿಲ್ಲದೆ ಕಣ್ಣೊರೆಸಿಕೊಂಡೆ.

ಹಾಗೆಂದು ನನ್ನ ವಿದ್ಯೆಯನ್ನು ತೀರಾ ಬಿಟ್ಟುಕೊಡಲಾರೆ. ಅದೇ ಸರೋಜ, ಕಾರ್ಖಾನೆಯಲ್ಲಿ ಹತ್ತಾರು ಜನಕ್ಕೆ ಕೆಲಸ ಹೇಳುವಷ್ಟಾದ ಮೇಲೆ, ಮದುವೆಯ ವಿಷಯದಲ್ಲಿ ಎರಡು ಮನಸ್ಸಾಗಿ ಇಡೀ ಮಧ್ಯಾಹ್ನ ನನ್ನೆದುರು ಕೂತಿದ್ದಳು. ಅಲ್ಲಿ ಅರ ಕೆಲಸಕ್ಕೆ ಬರಲಿಲ್ಲ, ನನ್ನ ಹರಟೆ ಬಂತು. ಆದರೂ ನಾನೀಗ ಪಾಠ ಹೇಳುವ ಕಾಲೇಜಿನಲ್ಲಿ ನನಗೇ ತಿಳಿಯದ್ದನ್ನು ಘನವಾಗಿ ವಿವರಿಸಹೊರಟಾಗೆಲ್ಲ ಆ ಬಿದಿಗೆ ಚಂದ್ರ ಕಾಣಿಸುತ್ತದೆ, ನಾಲಗೆ ತಡೆಯುತ್ತದೆ.

ಈ ಬರಹವನ್ನೂ, ಅಂದು ಮೇಷ್ಟ್ರನ್ನು ಕೇಳಿ ಮನೆಗೆ ತಂದ ಆ ಕೆಟ್ಟ ತುಂಡಿನ ಕೆಳಗೇ ಇಟ್ಟಿದ್ದೇನೆ. ಭಾನುವಾರ ಸರೋಜ ಬರುತ್ತಾಳೆ. ನಾನು ಬರೆದದ್ದನ್ನು ಓದುವ ಮೊದಲು ಹಾಳೆಯನ್ನು ತಮಾಷೆಗೆ ಕಿಟಕಿಗೆ ಹಿಡಿಯುವುದು ಅವಳ ರೂಢಿ. ಅವಳಿಗೆ ಅದು ತಮಾಷೆ. ನನಗೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ.