ತಮ್ಮನಿಗೆ ಅವ್ವ ಹಾಕಿದ ಕರಾರು

ಕುಂದಲಹಳ್ಳಿಯ ಮನೆಯನ್ನು ತಮ್ಮನಿಗೆ ದಾನಪತ್ರ ಮಾಡಿಕೊಡುತ್ತೇನೆಂದು ಅವ್ವ ಫೋನ್ ಮಾಡಿದಾಗ ನಾನು ಪೀಣ್ಯದ ನಮ್ಮ ಯೂನಿಟ್ಟಿನಲ್ಲಿ ಬಿಲ್ ಹಾಕುತ್ತಾ ಕೂತಿದ್ದೆ. ಅವ್ವನ ದನಿಯಲ್ಲಿ ಮದುವೆ ಮನೆಯ ಸಡಗರವಿತ್ತು. ಶುಕ್ರವಾರ ಒಳ್ಳೆಯ ದಿನವಂತೆ, ರಿಜಿಸ್ಟ್ರಾರ್ ಆಫೀಸಿಗೆ ಎಲ್ಲರೂ ಹೋಗುವುದಂತೆ, ನಾನು ರೇಷ್ಮೆ ಸೀರೆ ಉಟ್ಟು ಬರಬೇಕಂತೆ. ಆಸ್ತಿ ಬರೆದುಕೊಡಲು ರೇಷ್ಮೆ ಸೀರೆ! ನನಗೂ ಖುಷಿಯಾಯಿತು. ನನ್ನ ಪಾಲಿನ ಸೈಟನ್ನು ಅಪ್ಪ ಇದ್ದಾಗಲೇ ಕೊಟ್ಟಾಗಿತ್ತು. ಅವ್ವನ ಜೊತೆ ಇರುವವನು ತಮ್ಮ, ಅದೇ ಕಟ್ಟಡದ ಬಾಡಿಗೆ ಮನೆಗಳ ರಿಪೇರಿಗೆ ಓಡಾಡುವವನೂ ಅವನೇ. ಮನೆ ಅವನಿಗೆ ಸೇರುವುದು ನ್ಯಾಯವಾಗಿಯೇ ಇತ್ತು.

ಮಧ್ಯಾಹ್ನ ತಮ್ಮ ಪತ್ರದ ಕರಡನ್ನು ನನ್ನ ಫೋನಿಗೆ ಕಳಿಸಿದ. ಟೀ ಕುಡಿಯುತ್ತಾ ಓದಿದೆ. ಪೂರ್ವಕ್ಕೆ ಏನು, ಪಶ್ಚಿಮಕ್ಕೆ ಏನು, ಬೋರ್‌ವೆಲ್ ಎಲ್ಲಿ ಎಂಬುದೆಲ್ಲ ಇತ್ತು. ಕೊಟ್ಟವಳು ನಾಳೆಯಿಂದ ಎಲ್ಲಿರುತ್ತಾಳೆ ಎಂಬ ಒಂದು ಸಾಲು ಮಾತ್ರ ಇರಲಿಲ್ಲ. ಅವ್ವನ ಬೀದಿಯ ಕೊನೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಎಲ್ಲವನ್ನೂ ಮಕ್ಕಳ ಹೆಸರಿಗೆ ಬರೆದುಕೊಟ್ಟು, ಈಗ ಒಂದು ಬ್ಯಾಗ್ ಹಿಡಿದು ಸರದಿಯ ಮೇಲೆ ಒಬ್ಬೊಬ್ಬರ ಮನೆಯಲ್ಲಿರುತ್ತಾರೆ. ಆ ಬೀದಿಯ ಮಗನ ಸರದಿ ಬಂದಾಗ ಅವರಿಗೆ ಬಸ್ಸಾರು ಕೊಟ್ಟು ಬರುವವಳು ನಮ್ಮ ಅವ್ವನೇ.

ಅಂದು ಕಂಪನಿಯ ಕೆಲಸಕ್ಕೆ ಬಂದಿದ್ದ ವಕೀಲರಿಗೆ ಫೋನ್ ತೋರಿಸಿದೆ.

"ಅಮ್ಮನ್ನ ನೋಡ್ಕೋಬೇಕು ಅನ್ನೋ ಷರತ್ತು ಹಾಕ್ಸಿ ಮೇಡಂ. ಆಮೇಲೆ ನೋಡ್ಕೊಳ್ದೇ ಹೋದ್ರೆ ಹಿರಿಯ ನಾಗರಿಕರ ಕಾಯ್ದೆ ಪ್ರಕಾರ ಪತ್ರ ರದ್ದು ಮಾಡ್ಸೋಕೆ ದಾರಿ ಇರುತ್ತೆ. ಷರತ್ತೇ ಇಲ್ದಿದ್ರೆ ತುಂಬಾ ಕಷ್ಟ" ಎಂದರು.

ಅರ್ಧ ದಿನ ರಜೆ ಹಾಕಿ ಮೆಟ್ರೋ ಹತ್ತಿದೆ. ಮೆಜೆಸ್ಟಿಕ್‌ನಲ್ಲಿ ರೈಲು ಬದಲಿಸುವಾಗ ಅಕ್ಷರಶಃ ಓಡಿದೆ. ಪತ್ರ ನೋಂದಣಿಯಾಗಲು ಇನ್ನೂ ದಿನಗಳಿದ್ದವು, ಆದರೂ ಓಡಿದೆ.

ವಿಷಯ ಹೇಳಿದ ತಕ್ಷಣ ತಮ್ಮನ ಮುಖ ಬಾಡಿತು. "ಏನಕ್ಕ, ನಾನು ಅವ್ವನ್ನ ಬೀದಿಗೆ ತಳ್ತೀನಾ?"

ಅವ್ವ ಕೆಂಡವಾದಳು. "ಮಗನ ಕೈಲಿ ಯಾರಾರ ಕರಾರು ಮಾಡುಸ್ಕಂತಾರಾ? ಇಂಗೆಲ್ಲಾ ಬರ್ಸುದ್ರೆ ಊರ್ನೋರು ಏನಂತಾರೆ?"

ನಮ್ಮ ಕಡೆ ಹಾಗೆಯೇ. ಕಾಗದ ಎಂದರೆ ಹೊರಗಿನವರಿಗೆ. ತಾಯಿ ಮಗನ ನಡುವೆ ಕಾಗದ ಬಂದರೆ ಜಗಳವಾಗಿದೆ ಎಂದೇ ಲೆಕ್ಕ. ನನಗೆ ಸಿಟ್ಟು ನೆತ್ತಿಗೇರಿತು. ಆ ಸಿಟ್ಟೂ ಅವ್ವನಿಂದಲೇ ಬಂದದ್ದು. ಆಗ ನನ್ನ ಮೈದುನ ನೆನಪಾದ. ಅವನು ಮೇಲಿನ ರೂಮಿಗೆ ಬಾಡಿಗೆಗೆ ಬಂದಾಗ, ಗೋಡೆಗೆ ಮೊಳೆ ಹೊಡೆಯಬಾರದು ಎಂಬುದರಿಂದ ಹಿಡಿದು ಎಲ್ಲವನ್ನೂ ಬರೆಸಿ ಸೈನ್ ಹಾಕಿಸಿಕೊಂಡಿದ್ದಳು ಈ ತಾಯಿ. ಬೀಗರ ಮನೆಯ ಹುಡುಗನೆಂಬ ಮುಲಾಜೂ ಇರಲಿಲ್ಲ.

"ಅವ್ವ, ನನ್ನ ಮೈದುನನ ಮೇಲೆ ನಿನಗೆ ಅನುಮಾನ ಇತ್ತಾ?"

"ಅವನ ಮ್ಯಾಲೆ ಯಾತರ ಅನುಮಾನ? ಚಿನ್ನದಂತ ಉಡ್ಗ."

"ಮತ್ಯಾಕೆ ಕರಾರು ಮಾಡಿಸ್ಕೊಂಡೆ?"

"ನಾಳೆ ಮಾತು ಬರ್ಬಾರ್ದು ಅಂತ..."

ಹೇಳಿದವಳು ಅಲ್ಲೇ ನಿಂತಳು. ನನ್ನನ್ನು ನೋಡಿದಳು, ತಮ್ಮನನ್ನು ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಆ ಪತ್ರ ಬರ್ಯೋನಿಗೆ ಫೋನ್ ಆಕು" ಎಂದಳು. ಅಬ್ಬಾ, ಒಳಗಿದ್ದ ಮನೆ ಓನರ್ ಎದ್ದು ಬಂದಳು! ರಸ್ತೆ ಕಡೆಯ ಕೆಳಗಿನ ಮನೆ ಕೊನೆಯವರೆಗೂ ತನ್ನದು. ಊಟ, ಔಷಧಿ ಮಗನದು. ತನ್ನ ಮನೆಗೆ ಯಾರು ಬಂದರೂ ಯಾರೂ ಕೇಳುವಂತಿಲ್ಲ. ನೀರಿನ ಮೋಟಾರ್ ಹಾಕುವ ಅಧಿಕಾರ ತನ್ನದೇ.

"ಅಮ್ಮಾ, ಮೋಟಾರೆಲ್ಲ ಪತ್ರದಲ್ಲಿ ಬರಲ್ಲ" ಎಂದರು ಪತ್ರ ಬರೆಯುವವರು ಅತ್ತಲಿಂದ.

"ನೀನು ಬರಿಯಪ್ಪ, ಬತ್ತದೆ."

ತಮ್ಮನಿಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಕಣ್ಣೊರೆಸಿಕೊಂಡು, "ಆಸ್ಪತ್ರೆಗೆ ನಾನೇ ಕರ್ಕೊಂಡ್ಹೋಗ್ಬೇಕು ಅಂತಾನೂ ಹಾಕ್ಸಕ್ಕ, ಬೇರೆ ಯಾರ ಜೊತೆನೂ ಕಳ್ಸಲ್ಲ" ಎಂದ. ನನಗೆ ಅವನನ್ನು ತಬ್ಬಿಕೊಳ್ಳಬೇಕೆನಿಸಿತು.

ಶುಕ್ರವಾರ ಹೂ ಮುಡಿದು, ರೇಷ್ಮೆ ಸೀರೆ ಉಟ್ಟು ಹೋದೆವು. ಆಫೀಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನಮ್ಮ ಸರದಿ ಬಂದಾಗ ಅಧಿಕಾರಿ ಅವ್ವನನ್ನು ಕೇಳಿದರು, "ನಿಮ್ಮ ಇಷ್ಟದಿಂದ ಕೊಡ್ತಿದ್ದೀರಾ ಅಮ್ಮ? ಯಾರದೂ ಬಲವಂತ ಇಲ್ವಾ?"

"ಬಲವಂತ ನಂದೇ ಸಾರ್, ಅವನ ಮ್ಯಾಲೆ" ಎಂದು ಅವ್ವ ತಮ್ಮನನ್ನು ತೋರಿಸಿದಳು. ಅಧಿಕಾರಿಯೂ ನಕ್ಕುಬಿಟ್ಟರು.

ಸಾಕ್ಷಿಯಾಗಿ ನಾನೂ ರುಜು ಹಾಕಬೇಕಿತ್ತು. ಪೆನ್ನು ಹಿಡಿದು ಷರತ್ತುಗಳ ಮೇಲೆ ಕಣ್ಣಾಡಿಸಿದೆ. ಮೋಟಾರ್ ಸಹ ಇತ್ತು! ಕೊನೆಯಲ್ಲಿ ನಾನು ಕೇಳದ ಇನ್ನೊಂದು ಷರತ್ತು ಸೇರಿತ್ತು. ಅವ್ವ ನನಗೆ ಹೇಳದೆ ಫೋನ್ ಮಾಡಿ ಹಾಕಿಸಿದ್ದಳು. ತಾನು ಇದ್ದರೂ ಇಲ್ಲದಿದ್ದರೂ, ಪ್ರತಿ ಗೌರಿ ಹಬ್ಬಕ್ಕೆ ಮಗ ತನ್ನ ಅಕ್ಕನನ್ನು ಈ ಮನೆಗೆ ಕರೆಸಿ ಬಾಗಿನ ಕೊಡತಕ್ಕದ್ದು.

ಅವ್ವನ ಜಾಗ ಉಳಿಸಲೆಂದು ಓಡಿ ಬಂದವಳು ನಾನು. ಅಷ್ಟು ಜನರ ಮುಂದೆ ಗಳಗಳನೆ ಅತ್ತೆ.

"ಅಳ್ಬ್ಯಾಡ, ಕಾಗದ ಒದ್ದೆಯಾಯ್ತದೆ" ಎಂದು ಅವ್ವ ಗದರಿದಳು. "ಬೇಗ ಸೈನ್ ಆಕು. ಮನೆಗೋಗಿ ನೀರು ಬಿಡ್ಬೇಕು."