ಅಬಿತಿ ಕವಿಂಗಾಳ ಡಬ್ಬಿಯ ಮಾತ್ರೆಗಳು

ಔಷಧದ ಗಾಡಿ ಬಂದ ದಿನ ಸರೋವರದ ದಂಡೆಯ ನಮ್ಮ ಊರಿಗೆ ಊರೇ ಕಾಯಿಲೆ ಬೀಳುತ್ತಿತ್ತು. ಬೆಳಿಗ್ಗೆ ಬಲೆ ಎಳೆದು ಬಂದ ಗಟ್ಟಿಗರೂ ಕೆಮ್ಮುತ್ತ ಆರೋಗ್ಯ ಕೇಂದ್ರದ ಸಾಲಿನಲ್ಲಿ ನಿಲ್ಲುತ್ತಿದ್ದರು. ತಿಂಗಳ ಸರಕು ಹತ್ತೇ ದಿನಕ್ಕೆ ಮುಗಿಯುತ್ತಿತ್ತು. ಆಮೇಲೆ ಜ್ವರ ಬಂದವರ ಗತಿ ದೇವರೇ ಬಲ್ಲ.

ಈ ನಟನೆಯಲ್ಲಿ ಅಬಿತಿ ಕವಿಂಗಾಳನ್ನು ಮೀರಿಸಿದವರಿಲ್ಲ. ಮೀನು ಒಣಗಿಸಿ ಮಾರುವ ಅರವತ್ತರ ಅಜ್ಜಿ. ಒಂದು ತಿಂಗಳು ಸೊಂಟ, ಇನ್ನೊಂದು ತಿಂಗಳು ಹೊಟ್ಟೆ ಹಿಡಿದುಕೊಂಡು ಬರುತ್ತಿದ್ದಳು. ಹೋದ ಸಲ ನೋವು ಎಡಗಡೆ ಇತ್ತಲ್ಲ ಎಂದು ಕೇಳಿದರೆ, "ಅದಕ್ಕೂ ಕಾಲಿದಾವಮ್ಮ, ಬಲಗಡೆಗೆ ನಡ್ಕೊಂಡು ಬಂತು" ಅನ್ನುವಳು. ನಾನು ಅಲ್ಲಿ ಮಾತ್ರೆ ಎಣಿಸಿ ಕೊಡುವವಳು. ನಗುತ್ತಲೇ ಕೊಡುತ್ತಿದ್ದೆ.

ತನಗೆಂದು ಅವಳು ಒಂದನ್ನೂ ನುಂಗಿದ್ದು ಕಾಣೆ. ಎಲ್ಲವೂ ಹಾಲಿನ ಪುಡಿಯ ಹಳೇ ಡಬ್ಬಿಗೆ ಹೋಗುತ್ತಿತ್ತು. ಮಲೇರಿಯಾ ಬಂದ ಯಾವ ಮಗು ಎದ್ದು ಆಡತೊಡಗಿದರೂ ಅದರ ಮಿಕ್ಕ ಮಾತ್ರೆ ಅದೇ ಡಬ್ಬಿಗೆ. ಮೂರು ದಿನದ್ದನ್ನೂ ಪೂರ್ತಿ ನುಂಗಿಸಿ, ಇಲ್ಲದಿದ್ದರೆ ಜ್ವರ ಮರಳುತ್ತದೆ ಎಂದು ನಾನು ಹೇಳುತ್ತಿದ್ದೆ, ನಿಜ. ತಿಂಗಳ ಕೊನೆಗೆ ನನ್ನ ಕಪಾಟು ಬರಿದಾದಾಗ ರೋಗಿಗಳನ್ನು ಅವಳ ಮನೆಗೆ ಕಳಿಸುತ್ತಿದ್ದವಳೂ ನಾನೇ. ಇದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಒಂದು ಮಳೆಗಾಲದಲ್ಲಿ ಅವಳ ಮೊಮ್ಮಗ ಜಾಫರಿಗೆ ಜ್ವರ ಬಂತು. ತಾಯಿಯಿಲ್ಲದ ನಾಲ್ಕು ವರ್ಷದ ಕೂಸು. ನನ್ನಲ್ಲಿ ಉಳಿದಿದ್ದ ಕೊನೆಯ ಆರು ಮಾತ್ರೆ, ಮೂರು ದಿನದ್ದು, ಅವನಿಗೇ ಕೊಟ್ಟೆ. ಎರಡು ನುಂಗಿ ಮರುದಿನ ಕೋಳಿ ಅಟ್ಟಿಸಿಕೊಂಡು ಓಡುತ್ತಿದ್ದ. ಅದೇ ದಿನ ಗುಡ್ಡದ ಹಳ್ಳಿಯ ಮ್ವಾಜೂಮಾ ಎಂಬವಳು ಜ್ವರದಲ್ಲಿ ಸುಡುವ ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ಬಂದಳು. ನಾನು ಅಬಿತಿಯ ಮನೆ ತೋರಿಸಿದೆ. ಡಬ್ಬಿಯಲ್ಲಿದ್ದದ್ದು ಜಾಫರಿಯ ನಾಲ್ಕು ಮಾತ್ರೆ ಮಾತ್ರ. ಅಬಿತಿ ನಾಲ್ಕನ್ನೂ ಕೊಟ್ಟಳು. ಓಡಾಡುವವನಿಗೆ ಯಾಕೆ, ಮಲಗಿದವಳಿಗಾಗಲಿ ಅಂತ ಕೊಟ್ಟೆ ಎಂದು ಸಂಜೆ ನನಗೆ ಹೇಳಿದಳು. ಒಳ್ಳೇದು ಮಾಡಿದೆ ಎಂದೆ ನಾನು.

ಆರನೇ ದಿನ ಜಾಫರಿಗೆ ಜ್ವರ ಮರಳಿ ಬಂದು ತಲೆಗೇರಿತು. ಅತ್ತ ಕಪಾಟು ಖಾಲಿ, ಇತ್ತ ಡಬ್ಬಿ ಖಾಲಿ. ಅಬಿತಿ ಬಾಡಿಗೆ ಸೈಕಲ್ಲಿನವನ ಹಿಂದೆ ಕೂತು, ಮಗುವನ್ನು ತೊಡೆಯ ಮೇಲಿಟ್ಟುಕೊಂಡು ದೊಡ್ಡಾಸ್ಪತ್ರೆಗೆ ಹೊರಟಳು. ಅರ್ಧ ದಾರಿಯಲ್ಲಿ ಮಗು ಹೋಯಿತು.

ಮಣ್ಣು ಮಾಡಿದ ನಾಲ್ಕನೇ ದಿನ ಮ್ವಾಜೂಮಾ ಬಂದಳು. ಅವಳಿಗೆ ಸುದ್ದಿ ತಿಳಿದಿರಲಿಲ್ಲ. ಸೊಂಟದ ಬಟ್ಟೆಯ ಗಂಟು ಬಿಚ್ಚಿ ಎರಡು ಮಾತ್ರೆ ತೆಗೆದಳು.

"ಅಜ್ಜೀ, ಮಗಳು ಎದ್ದು ಆಡ್ತಿದಾಳೆ. ಎರಡು ಮಿಕ್ತು. ಇನ್ಯಾರಿಗಾದ್ರೂ ಆಗ್ಲಿ ಅಂತ ತಂದೆ."

ಅಬಿತಿ ಅವನ್ನು ಅಂಗೈಯಲ್ಲಿಟ್ಟುಕೊಂಡು ತುಂಬ ಹೊತ್ತು ನೋಡಿದಳು. "ನಡಿ, ನಿನ್ನ ಮನೆಗೆ" ಎಂದಳು. ಅವಳನ್ನು ಒಬ್ಬಳನ್ನೇ ಬಿಡಲು ಭಯವಾಗಿ ನಾನೂ ಗುಡ್ಡ ಹತ್ತಿದೆ. ಇಷ್ಟು ದಿನದ ಮೇಲೆ ಆ ಎರಡು ಮಾತ್ರೆಯಿಂದ ಏನೂ ಆಗದೆಂದು ನನಗೆ ಗೊತ್ತಿತ್ತು.

ಹುಡುಗಿ ಅಂಗಳದಲ್ಲಿ ಕುಂಟಾಟ ಆಡುತ್ತಿದ್ದಳು. ಅಬಿತಿ ಅವಳನ್ನು ಹಿಡಿದು ಕೂರಿಸಿ, ಎರಡೂ ಮಾತ್ರೆ ಬಾಯಿಗಿಟ್ಟು ನೀರು ಕುಡಿಸಿದಳು.

"ಬಾಯಿ ತೆಗಿ. ನಾಲಿಗೆ ಎತ್ತು."

ಹುಡುಗಿ ಎತ್ತಿದಳು. ಅಬಿತಿ ಬಗ್ಗಿ ನೋಡಿದಳು. ಮೊಮ್ಮಗ ಸತ್ತ ಮೇಲೆ ಒಂದು ಹನಿ ಕಣ್ಣೀರು ಹಾಕದವಳು, ಗುರುತಿಲ್ಲದವರ ಹೊಸ್ತಿಲಲ್ಲಿ ಕುಸಿದು ಗೋಳೋ ಎಂದು ಅತ್ತಳು.