ಸೂಜಿ ಚುಚ್ಚಿದ ಗುಳಿಗೆ

ಸೂಜಿ ಜಾರಿ, ಗುಳಿಗೆಯೊಳಗಿನ ಎಣ್ಣೆಯೆಲ್ಲ ರೊಟ್ಟಿಯ ಬದಲು ನೆಲಕ್ಕೆ ಬಿತ್ತು. ಅತ್ತೆ ಕೈಯಲ್ಲಿ ಉಳಿದ ಖಾಲಿ ಸಿಪ್ಪೆಯನ್ನೇ ನೋಡುತ್ತ ಕುಳಿತರು.

ಅರವತ್ತರ ದಶಕದ ಮಾತು, ನಾವಾಗ ಹಳಿಯಾಳದಲ್ಲಿದ್ದೆವು. ಎರಡು ಸಲ ಬಸಿರು ನಿಲ್ಲದ ನನಗೆ ದಾಂಡೇಲಿಯ ಡಾಕ್ಟರು ವಿಟಮಿನ್ ಇ ಗುಳಿಗೆ ಕೊಟ್ಟಿದ್ದರು. ಒಳಗೆ ಎಣ್ಣೆ, ಮೇಲೆ ಮೆತ್ತನೆಯ ಸಿಪ್ಪೆ. ಆ ಸಿಪ್ಪೆಯನ್ನು ದನದ ಎಲುಬಿನಿಂದ ಮಾಡುತ್ತಾರೆಂದು ಯಾರೋ ಹೇಳಿದರು. ಅಂದಿನಿಂದ, ಲಿಂಗಪೂಜೆಯಾಗದೆ ನೀರೂ ಮುಟ್ಟದ ಅತ್ತೆ ದಿನಾ ಗುಳಿಗೆ ಚುಚ್ಚಿ, ಎಣ್ಣೆಯನ್ನಷ್ಟೇ ನನ್ನ ರೊಟ್ಟಿಯ ಮೇಲೆ ಹಿಂಡುತ್ತಿದ್ದರು. ಸಿಪ್ಪೆ ಹಿತ್ತಲಿಗೆ ಹೋಗುತ್ತಿತ್ತು.

ಎಣ್ಣೆ ಚೆಲ್ಲಿದ ಆ ದಿನ ಇನ್ನೊಂದೇ ಗುಳಿಗೆ ಉಳಿದಿತ್ತು. ಅದೂ ಚೆಲ್ಲೀತೆಂದು ಅತ್ತೆ ಸೂಜಿ ಕೆಳಗಿಟ್ಟು, ಗುಳಿಗೆಯನ್ನು ನನ್ನ ಅಂಗೈಗೆ ಹಾಕಿದರು.

“ಹಂಗ ನುಂಗಿಬಿಡವಾ. ನಾ ಆ ಕಡೆ ತಿರುಗಿ ಕುಂದರ್ತೇನಿ.”

ನಾನು ನುಂಗಿ ನೀರು ಕುಡಿದೆ.

“ಆತೇನ?” ಎಂದರು, ಗೋಡೆಗೆ ಮುಖ ಮಾಡಿಯೇ.

ಮುಂದೆ ಡಾಕ್ಟರು ಅದೇ ವಿಟಮಿನ್ನಿನ ಒಣ ಮಾತ್ರೆ ಕೊಟ್ಟರು, ಸೂಜಿಯ ಕೆಲಸ ತಪ್ಪಿತು. ಮಗಳು ಹುಟ್ಟಿದ್ದು ಆ ಔಷಧದಿಂದಲೋ ಅಲ್ಲವೋ ನನಗೆ ತಿಳಿಯದು. ಅತ್ತೆಯನ್ನು ನೆನೆದಾಗ ಮೊದಲು ಕಾಣುವುದು ನನ್ನತ್ತ ತಿರುಗಿಸಿದ ಆ ಬೆನ್ನು.